ಒಂದು ಹಲ್ಲಿನ ಲೆಕ್ಕ

ಬೆಲ್ಟು ಹೊಸದು. ಟೆನ್ಷನರ್ ಹೊಸದು.
ಆದರೂ ದೇಚಮ್ಮ ಟೀಚರ ಹಳೇ ಜೆನ್
ಚಳಿಜ್ವರ ಬಂದವರ ಹಾಗೆ ನಡುಗುತ್ತ ನಿಂತಿದೆ
ಸುಂಟಿಕೊಪ್ಪದ ನಮ್ಮ ಶೆಡ್ಡಿನ ಬಾಗಿಲಲ್ಲಿ.
ನಂಬರ್ ಪ್ಲೇಟು ಗಡಗಡ.
ಡ್ಯಾಶ್‌ಬೋರ್ಡಿನ ಮೇಲಿಟ್ಟ ಕನ್ನಡಕದ ಡಬ್ಬಿ
ತಾನೇ ತೆವಳಿಕೊಂಡು ಅಂಚಿಗೆ ಬಂದಿದೆ.

"ನೀನು ಮುಟ್ಟುವ ಮೊದಲು ಸರಿ ಇತ್ತಲ್ಲ, ಸಾಜಿದಾ?"
ಬೈದದ್ದಲ್ಲ. ಉತ್ತರಪತ್ರಿಕೆ ತಿದ್ದುವವರ ದನಿ.
ಏಳನೇ ಕ್ಲಾಸಿನಲ್ಲಿ ನನಗೆ ಭಿನ್ನರಾಶಿ ಕಲಿಸಿದ್ದು ಅವರೇ.

ನಾನು ಮುಟ್ಟಿದ್ದು ಹೀಗೆ:
ಮೇಲಿನ ಚಕ್ರದ ಚುಕ್ಕೆ ಕವಚದ ಗೀಟಿಗೆ,
ಕೆಳಗಿನದು ಬಾಣದ ತುದಿಗೆ,
ಬೆಲ್ಟು ಕೂರಿಸಿ, ಪಾನಾ ಹಿಡಿದು ಕೈಯಲ್ಲೇ ತಿರುಗಿಸಿದೆ.
ಕ್ರ್ಯಾಂಕ್ ಎರಡು ಸುತ್ತು ಬರುವಷ್ಟರಲ್ಲಿ ಕ್ಯಾಮ್ ಒಂದು,
ಗಡಿಬಿಡಿಯ ತಂಗಿ, ನಿಧಾನದ ಅಕ್ಕ,
ಕೊನೆಗೆ ಇಬ್ಬರೂ ಹೊರಟಲ್ಲಿಗೇ ಬಂದು ನಿಂತರು.
ಸರಿ ಇತ್ತು. ಆಣೆ ಇಟ್ಟು ಹೇಳಬಲ್ಲೆ.
ಆಣೆಯಿಂದ ಇಂಜಿನ್ ಓಡುವುದಿಲ್ಲ.

ಪ್ಲಗ್ಗಿನ ವೈರು ಒಂದೊಂದೇ ಕಿತ್ತು ನೋಡಿದೆ.
ಯಾವುದನ್ನು ಕಿತ್ತರೂ ಅಷ್ಟೇ ಕುಸಿಯುತ್ತದೆ:
ನಾಲ್ಕೂ ಸಮವಾಗಿ ದುಡಿಯುತ್ತಿವೆ,
ಸಮವಾಗಿ ಒದ್ದಾಡುತ್ತಿವೆ.
ಕಾರ್ಬೊರೇಟರಿನ ಪೈಪುಗಳಿಗೆಲ್ಲ ಸೋಪಿನ ನೀರು ಹಚ್ಚಿದೆ,
ಎಲ್ಲೂ ಉಸಿರು ಸೋರಲಿಲ್ಲ.
ಮತ್ತೆ ಕವರು ಬಿಚ್ಚಿದೆ. ಮತ್ತೆ ಮುಚ್ಚಿದೆ.
ಮೂರನೇ ಸಲ ಬಿಚ್ಚುವಾಗ
ಎದುರಿನ ಬೇಕರಿಯವರು ಲೈಟು ಹಾಕಿದ್ದರು,
ಟೀಚರ್ ಎರಡನೇ ಚಹಾ ಮುಗಿಸಿದ್ದರು,
ಬೆಲ್ಟಿನ ಹಲ್ಲುಗಳನ್ನು ಉಗುರಿಂದ ಎಣಿಸುತ್ತ
ನನ್ನ ಮೇಲೆ ನನಗೇ ಅನುಮಾನ ಬಂದಿತ್ತು.

ಟಯರಿನ ಮೇಲೆ ಕೂತಿದ್ದ ಹಂಸಾಕ ಎದ್ದು ಬಂದರು.
ಎರಡೂ ಕಣ್ಣಿಗೆ ಪೊರೆ. ಈ ಶೆಡ್ಡು ಕಟ್ಟಿದವರು.
ಉದ್ದ ಸ್ಕ್ರೂಡ್ರೈವರಿನ ತುದಿ ಇಂಜಿನ್ ಮೇಲೆ,
ಹಿಡಿ ತನ್ನ ಕಿವಿಗೆ.
"ಕಿಡಿ ಮೊದಲೇ ಬೀಳ್ತಾ ಉಂಟು."

ಟೈಮಿಂಗ್ ಲೈಟು ಹಿಡಿದೆ.
ಫ್ಲೈವೀಲಿನ ಕಿಟಕಿಯಲ್ಲಿ ಕಾಣಬೇಕಾದ ಗೀಟು
ಕಿಟಕಿಯಲ್ಲಿ ಇರಲೇ ಇಲ್ಲ.

ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿದಾಗ ಕಂಡಿತು:
ತಿರುಗಿಸಲು ಬಿಟ್ಟ ಸೀಳಿನ ಕೊನೆಯಲ್ಲಲ್ಲ,
ಕೊನೆಯನ್ನೂ ದಾಟಿ ನಿಂತಿದೆ ಬೋಲ್ಟು.
ಯಾರೋ ಅರದಲ್ಲಿ ಉಜ್ಜಿ ಸೀಳನ್ನು ಬೆಳೆಸಿದ್ದಾರೆ.
ಮೂರು ಓರೆ ಎಳೆತ, ಕೊನೆಗೊಂದು ನೇರ.
ಆ ಕೈ ನನಗೆ ಗೊತ್ತು.
ನನಗೆ ಅರ ಹಿಡಿಯಲು ಕಲಿಸಿದ್ದು ಅದೇ ಕೈ.

ನಾನು ನೋಡಿದ್ದು ಅವರಿಗೆ ಕಂಡಿರಲಾರದು.
ಆದರೂ ಹೇಳಿದರು:
"ಆವತ್ತು ಹುತ್ತರಿ. ಕರೆಂಟಿರಲಿಲ್ಲ.
ಕದಿರು ತೆಗೆಯುವುದರೊಳಗೆ ಟೀಚರ್ ಮನೆ ಸೇರಬೇಕಿತ್ತು.
ಬೆಲ್ಟು ಒಂದು ಹಲ್ಲು ಹಿಂದೆ ಕೂತಿತ್ತು,
ಕವರು ಮುಚ್ಚಿದ ಮೇಲೆ ಗೊತ್ತಾಯ್ತು.
ಕಿವಿಗೆ ಸರಿ ಬರುವ ತನಕ ಇದನ್ನ ತಿರುಗಿಸಿದೆ.
ಜಾಗ ಸಾಲಲಿಲ್ಲ."

ಒಂಬತ್ತು ವರ್ಷ
ಒಂದು ತಪ್ಪು ಇನ್ನೊಂದರ ಹೆಗಲಿಗೆ ಕೈ ಹಾಕಿಕೊಂಡು
ಕೆದಕಲ್ ಏರು ಹತ್ತಿ ಮಡಿಕೇರಿಗೆ ಹೋಗಿ ಬರುತ್ತಿತ್ತು,
ಪರೀಕ್ಷೆಯ ಕಟ್ಟು, ಕಿತ್ತಳೆ ಬುಟ್ಟಿ, ಗ್ಯಾಸ್ ಸಿಲಿಂಡರು ಹೊತ್ತು.
ನಾನು ಒಂದನ್ನು ತಿದ್ದಿದೆ.
ಇನ್ನೊಂದು ಬೀದಿಗೆ ಬಿತ್ತು.

ಬೆರಳಷ್ಟು ಹಿಂದಕ್ಕೆ ತಿರುಗಿಸಿದೆ, ಅಷ್ಟೆ.
ಗೀಟು ಕಿಟಕಿಗೆ ಬಂತು. ನಡುಕ ಇಳಿಯಿತು.
ಕನ್ನಡಕದ ಡಬ್ಬಿ ಅಂಚಿನಲ್ಲೇ ನಿಂತುಬಿಟ್ಟಿತು.
ಉಜ್ಜಿಹೋದ ಲೋಹ ಮರಳಿ ತುಂಬುವುದಿಲ್ಲ,
ಅಗಲದ ವಾಷರ್ ಒಂದು ಹಾಕಿ ಬಿಗಿದೆ.

"ನಂದೇ ತಪ್ಪು ಟೀಚರೇ," ಅಂದರು ಹಂಸಾಕ.
ಟೀಚರ್ ಪರ್ಸಿನಿಂದ ನೋಟು ಎಣಿಸುತ್ತಿದ್ದರು.
"ಏರಿನಲ್ಲಿ ಯಾವಾಗಲೂ ಎರಡನೇ ಗೇರಿಗೆ ಇಳೀಬೇಕಿತ್ತು.
ಕಾರಿಗೆ ವಯಸ್ಸಾಯ್ತು ಅಂದುಕೊಂಡಿದ್ದೆ, ಹಂಸ.
ನನಗೂ ಆಯ್ತು ಅಂತ ಸುಮ್ಮನಿದ್ದೆ."
ಬಿಲ್ಲಿನಲ್ಲಿ ಐವತ್ತು ರೂಪಾಯಿ ಹೆಚ್ಚು ಕೂಡಿದ್ದೆ,
ಅದನ್ನು ಮಾತ್ರ ಹಿಡಿದರು.

ಕಾರು ಹೋದ ಮೇಲೆ ಅಂಗಳದಲ್ಲಿ ನಿಂತೆವು.
ತಿರುವಿನಾಚೆ ಏರು ಶುರುವಾಗುವ ಕಡೆ
ನನಗೆ ಲಾರಿಯ ಸದ್ದಷ್ಟೇ ಕೇಳಿಸಿತು.
ಹಂಸಾಕ ತಲೆ ವಾಲಿಸಿ ಅಂದರು,
"ಮೂರರಲ್ಲೇ ಹೋದರು."

ಆಮೇಲೆ ಅರ ಎಲ್ಲಿಟ್ಟಿದ್ದೀಯ ಅಂತ ಕೇಳಿದರು.
ನಾನು ಹೇಳಲಿಲ್ಲ.