ಹೊಲಿಗೆ ಬಿಚ್ಚುವವಳು

ಶಾಲೆಯಲ್ಲಿ ಚೀಟಿ ಎತ್ತಿಸಿದರಂತೆ.
"ನೆರೆಯ ರಾಜ್ಯಗಳ ಒಕ್ಕೂಟದಿಂದ
ಒಂದು ದೇಶ ಹೊರಬರಬೇಕೇ?"
ನನ್ನ ರಮೀಜಾಳ ಪಾಲಿಗೆ ಬಂದದ್ದು: ಬರಬೇಕು.
ಯಾವ ದೇಶವೇ, ಅಂದೆ.
ಯಾವುದೋ ಒಂದಮ್ಮ, ಸಮುದ್ರದಾಚೆ,
ಮೂರು ನಿಮಿಷ ಮಾತಾಡಿದರೆ ಸಾಕು.

ಕೌಲ್ ಬಜಾರಿನ ಹಿಂದೆ, ಮಹಡಿಯ ಮೇಲೆ,
ಕಾದ ತಗಡಿನ ಕೆಳಗೆ ಹದಿನೇಳು ಮಷಿನ್ನು.
ಹದಿನೆಂಟನೆಯವಳು ನಾನು, ಮಷಿನ್ನಿಲ್ಲದವಳು.
ಅಡ್ಡ ಓಡಿದ ಹೊಲಿಗೆ, ತಿರುಗಿ ಕೂತ ಜೇಬು,
ಎಡಗಾಲಿಗೆ ಎಡಗಾಲೇ ಜೋಡಾದ ಪ್ಯಾಂಟು
ನನ್ನ ಮುಂದೆ ರಾಶಿ ಬೀಳುತ್ತವೆ.
ಬಿಚ್ಚುತ್ತೇನೆ. ಪೀಸಿಗೆ ಎರಡು ರೂಪಾಯಿ.

ಭಾನುವಾರ ನೋಟ್‌ಬುಕ್ಕು ಹಿಡಿದು ಬಂದಳು,
ಒಬ್ಬೊಬ್ಬರನ್ನೇ ಕೇಳಿದಳು.

ಹೊನ್ನೂರಸ್ವಾಮಿ ಪೆಡಲಿನಿಂದ ಕಾಲು ತೆಗೆಯಲಿಲ್ಲ.
"ಬರೋದಾದ್ರೆ ಬರಲಿ, ಪಾಪ.
ನಾವು ಅಣ್ತಮ್ಮ ಬೇರೆಯಾದಾಗ
ನನ್ನ ಭಾಗಕ್ಕೆ ಅರ್ಧ ಬಾವಿ ಬಂತು.
ಅರ್ಧ ಬಾವಿಗೆ ಕೊಡ ಹೆಂಗ ಇಳಿಸ್ತೀಯವ್ವ?"

ಸುಂಕಮ್ಮ ದಾರ ಕಚ್ಚಿ ಹರಿದಳು.
"ಹೆಣ್ಣು ತವರಿಗೆ ತಿರುಗಿ ಬಂದ್ರೆ
ಯಾಕ ಬಂದೆ ಅಂತ ಓಣಿಯೆಲ್ಲ ಕೇಳ್ತದೆ.
ಇಷ್ಟು ವರ್ಷ ಯಾಕ ಇದ್ದೆ ಅಂತ
ಒಬ್ಬರೂ ಕೇಳಲ್ಲ. ಬರ್ಕೋ."

ಇಸ್ತ್ರಿಯ ಶಾಕ್ಷಾವಲಿಗೆ ಒಂದೇ ಚಿಂತೆ:
ನಾಕಾದಲ್ಲಿ ಲಾರಿ ಒಂದು ದಿನ ನಿಂತರೆ
ಅವನ ಒಂದು ದಿನದ ಕೂಲಿಯೂ
ಲಾರಿಯ ಪಕ್ಕ ನಿಂತಿರುತ್ತದೆ.

ನೀನು ಏನಂತೀಯಮ್ಮ?

ನಾನೇನು ಹೇಳಲಿ.
ನಮ್ಮಜ್ಜಿಯ ತವರು ಆಲೂರು.
ಐವತ್ಮೂರರಲ್ಲಿ ಮದರಾಸಿನ ಬಟ್ಟೆ ಕತ್ತರಿಸಿದಾಗ
ಆಲೂರು ಅತ್ತ ಹೋಯಿತು, ಬಳ್ಳಾರಿ ಇತ್ತ ಬಂತು.
ಅದಕ್ಕೂ ಮೊದಲು ಹರತಾಳವೋ ಹರತಾಳ.
ಅರಳೆ ಹಿಂಜುವ ನಮ್ಮಜ್ಜ
ಇವರು ಹೇಳಿದರೆ ಇವರಿಗೂ ಅಂಗಡಿ ಮುಚ್ಚಿದ,
ಅವರು ಹೇಳಿದರೆ ಅವರಿಗೂ ಮುಚ್ಚಿದ.
ಎರಡೂ ಕಡೆಯವರ ಗಾದಿಗೆ ಹತ್ತಿ ತುಂಬಿದ್ದು ಅವನೇ,
ಯಾರ ಬೆನ್ನು ಯಾವುದರ ಮೇಲೆ ಮಲಗುತ್ತದೆಂದು ಬಲ್ಲವನು.

ಆಮೇಲೆ ಬಸ್ಸು ಓಡಿತು. ಮದುವೆಗಳೂ ಆದವು.
ಆದರೆ ಅಜ್ಜಿಯ ತಮ್ಮನ ಮಕ್ಕಳ ಕಾಗದ
ತೆಲುಗಿನಲ್ಲಿ ಬರತೊಡಗಿತು.
ಅಕ್ಷರ ಹೆಚ್ಚುಕಮ್ಮಿ ನಮ್ಮವೇ,
ತಲೆಕಟ್ಟು ಮಾತ್ರ ಬೇರೆ.
ಅವ್ವ ಬೆರಳಿಟ್ಟು ಕೂಡಿಸಿ ಓದುವಳು.
"ಕುಶಲ" ತಿಳಿಯುತ್ತಿತ್ತು.
ಯಾರೋ ಸತ್ತ ಸುದ್ದಿಗೆ ಪಕ್ಕದ ಮನೆಗೆ ಓಡಬೇಕಿತ್ತು.

ಇದನ್ನೆಲ್ಲ ಬರೆದುಕೊಳ್ಳದೆ ಅವಳು
ನನ್ನ ಮಡಿಲಿನ ತುಂಡು ಎತ್ತಿಕೊಂಡಳು.
ಆಗಷ್ಟೇ ಬಿಚ್ಚಿದ್ದು, ವಾಶ್ ಆಗಿ ಬಂದ ಪೀಸು.
ಬಟ್ಟೆಯೆಲ್ಲ ಸವೆದು ಬೆಳ್ಳಗಾಗಿತ್ತು,
ಹೊಲಿಗೆಯ ಅಡಿಯಲ್ಲಿ ಒಂದು ಗೆರೆ ಮಾತ್ರ
ನೀರು ಕಾಣದೆ, ಬಿಸಿಲು ಕಾಣದೆ
ಹಚ್ಚ ಹೊಸ ನೀಲಿ.
ಎರಡು ಬದಿಗೂ ಸೂಜಿಯ ತೂತು, ಸಾಲಾಗಿ.

ಮತ್ತೆ ಯಾಕೆ ಬಿಚ್ಚುತ್ತೀ, ಕಲೆ ಉಳಿಯುವುದಾದರೆ?

ಕೂತರೆ ತೊಡೆ ಕೊಯ್ಯುತ್ತೆ ಕಣೇ,
ತಪ್ಪಾಗಿ ಹೊಲಿದದ್ದು.
ನೋಡುವವನಿಗೆ ಚೆಂದ ಇರುತ್ತೆ.
ತೊಟ್ಟವನನ್ನು ಕೇಳು.

ಶನಿವಾರ ವೇದಿಕೆಯ ಮೇಲೆ ಏನು ಮಾತಾಡಿದಳೋ,
ಗಂಟೆ ಬಾರಿಸುವ ಹೊತ್ತಿಗೆ ಆ ತುಂಡನ್ನು ಎತ್ತಿ ಹಿಡಿದಳಂತೆ.
ಇದು ಪರವೋ ವಿರೋಧವೋ, ಮೇಷ್ಟ್ರು ಕೇಳಿದರು.
"ಇದು ನಮ್ಮಮ್ಮ ಬಿಚ್ಚಿದ್ದು ಸಾರ್," ಅಂದಳಂತೆ.
ಬಹುಮಾನ ಬರಲಿಲ್ಲ.

ಸೋಮವಾರ ಸೊಲ್ಲಾಪುರದಿಂದ
ಅರವತ್ತು ಪೀಸು ವಾಪಸ್ಸಾಗಿ ಬಂದವು.
ರಾತ್ರಿ ಮನೆಯಲ್ಲಿ, ಕರೆಂಟಿಲ್ಲದ ಸೆಕೆಯಲ್ಲಿ,
ನನ್ನ ತಲೆಗೆ ಅಂಟಿದ ಹಳದಿ ದಾರದ ಚೂರು
ಮಗಳು ಮೊಬೈಲಿನ ಬೆಳಕಲ್ಲಿ ಆರಿಸುತ್ತಾಳೆ.
ಎಸೆಯುವುದಿಲ್ಲ, ಗಲ್ಲದ ಮೇಲಿಟ್ಟು ಎಣಿಸುತ್ತಾಳೆ.
ಹನ್ನೊಂದು, ಅನ್ನುತ್ತಾಳೆ.
ತಡೀ, ಇನ್ನೂ ಇವೆ.