ಮೂರನೇ ತಿಂಗಳ ದಂಡ

ವಿಮೆ ಕಂಪನಿಯ ಪತ್ರ ಬಂದಿದೆ, ಮೂರನೇದು.
ರೋಗಿಗಳ ವಿವರ ಇನ್ನೂ ಕಂಪ್ಯೂಟರಿಗೆ ಏರಿಲ್ಲವಾದ್ದರಿಂದ
ನಿಮ್ಮ ಬಿಲ್ಲಿನಲ್ಲಿ ನೂರಕ್ಕೆ ನಾಲ್ಕು ಮುರಿದುಕೊಂಡಿದ್ದೇವೆ,
ಮುಂದಿನ ತಿಂಗಳು ಆರು.
ಡಾಕ್ಟರ್ ಉಭಯಕರ ಓದಿ, ನಾಲ್ಕು ಮಡಿಕೆ ಮಡಚಿ
ಅಲ್ಲಾಡುವ ಮೇಜಿನ ಕಾಲಡಿಗೆ ಕೊಟ್ಟರು.

ನಾನು ಶಾಬಾ ಉಳ್ವೇಕರ, ಕಂಪೌಂಡರ್.
ಇಪ್ಪತ್ತೊಂಬತ್ತು ವರ್ಷದಿಂದ ಈ ಕೋಡಿಬಾಗದ ದವಾಖಾನೆಯಲ್ಲಿ
ಉದ್ದ ನೋಟುಬುಕ್ಕಿಗೆ ಗೆರೆ ಎಳೆಯುವವನು.
ಹೆಸರಿನ ಪಕ್ಕ ಮೀನಿನ ಗುರುತಿದ್ದರೆ
ಫೀಸಿನ ಬದಲು ತಾರ್ಲೆ ಬಂದಿದೆ ಎಂದರ್ಥ.
ಒಂದು ಚುಕ್ಕೆಯಿದ್ದರೆ ದುಡ್ಡು ಕೇಳಬೇಡ.
ಎರಡು ಚುಕ್ಕೆ: ಮೆಟ್ಟಿಲಿಂದ ಬಿದ್ದೆ ಅಂದಳು,
ಅವಳ ಮನೆಗೆ ಮೆಟ್ಟಿಲಿಲ್ಲ.

ಕಂಪ್ಯೂಟರ್ ತಂದದ್ದೂ ಆಯಿತು.
ಅದರ ಮುಂದೆ ಕೂತ ಸಾನಿಕಾ ಕೇಳುತ್ತಾಳೆ: ಊರು?
ಭಿಕ್ರೂ ತಾಂಡೇಲ ಹೇಳುತ್ತಾನೆ ತನ್ನೂರ ಹೆಸರು.
ಅವಳು ಪಟ್ಟಿ ಇಳಿಸುತ್ತಾಳೆ, ಇಳಿಸುತ್ತಲೇ ಇರುತ್ತಾಳೆ.
ಆ ಊರು ಈಗ ನೌಕಾನೆಲೆಯ ಗೋಡೆಯ ಒಳಗಿದೆ,
ಒಳಗೂ ಇಲ್ಲ.
ಕೆಂಪಕ್ಷರ ಮೂಡುತ್ತದೆ: ಇದನ್ನು ತುಂಬದೆ ಮುಂದೆ ಹೋಗುವಂತಿಲ್ಲ.
ಭಿಕ್ರೂ ಕೆಮ್ಮುತ್ತಾನೆ.

ಆದರೆ ಸುಳ್ಳು ಯಾಕೆ ಹೇಳಲಿ,
ನೋಟುಬುಕ್ಕೇನು ದೇವರಲ್ಲ.
ಒಂದು ಆಷಾಢ ಕಪಾಟಿಗೆ ನೀರು ನುಗ್ಗಿ
'ಸ' ಅಕ್ಷರದ ಬುಕ್ಕು ಪೂರಾ ನೀಲಿ ಗಂಜಿ.
ಅದರಲ್ಲಿತ್ತು: ಸಾಂತಾನ್ ಫರ್ನಾಂಡಿಸ್, ಸಲ್ಫಾ ಆಗಿಬರದು.
ಮರುವಾರವೇ ಬಂದ. ಡಾಕ್ಟರಿಗೆ ನೆನಪಾಗಲಿಲ್ಲ, ನನಗೂ.
ಗುಳಿಗೆ ಎಣಿಸಿ ಕೊಟ್ಟ ಕೈ ಇದೇ.
ತುಟಿ ಊದಿತು, ಕಣ್ಣು ಮುಚ್ಚಿತು,
ಮೂರು ದಿನ ಸಿವಿಲ್ ಆಸ್ಪತ್ರೆಯಲ್ಲಿ
ಅವನ ಮಂಚದ ಬುಡಕ್ಕೆ ಕೂತಿದ್ದೆ.
ಬದುಕಿದ. ಈಗಲೂ ಮೀನು ತರುತ್ತಾನೆ.
ನನ್ನ ಗಂಟಲಲ್ಲಿ ಅದು ಇಳಿಯುವುದಿಲ್ಲ.

ಹಾಗಾಗಿ ರಾತ್ರಿ, ಬಾಗಿಲು ಹಾಕಿದ ಮೇಲೆ,
ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುತ್ತೇನೆ:
ಸಾಂತಾನ್. ಸಲ್ಫಾ. ಬೇಡ.
ದಿನಕ್ಕೆ ಹನ್ನೊಂದು ಹೆಸರು ಮುಗಿದರೆ ಹೆಚ್ಚು,
ಉಳಿದವು ನಾಲ್ಕು ಸಾವಿರ.
ದಂಡ ನನಗಿಂತ ಬೇಗ ನಡೆಯುತ್ತದೆ.
ಮೀನಿಗೆ ಕಾಲಂ ಇಲ್ಲ, ಹೋಗಲಿ.
ಚುಕ್ಕೆಗಿಲ್ಲ. ಎರಡು ಚುಕ್ಕೆಯನ್ನು
ಸಾನಿಕಾಳಿಗೆ ಹೇಗೆ ಹೇಳಿಕೊಡಲಿ, ಇನ್ನೂ ಹುಡುಗಿ.

ಇವತ್ತು ಆ ಪತ್ರವನ್ನು ಮೇಜಿನಡಿಯಿಂದ ಎತ್ತಿ
ನೋಟುಬುಕ್ಕಿಗೆ ಸೇರಿಸಿದೆ, ರೂಢಿಯಂತೆ.
ಹೆಸರು: ದಂಡ. ವಯಸ್ಸು: ಮೂರು ತಿಂಗಳು.
ತೊಂದರೆ: ಬೆಳವಣಿಗೆ ಜಾಸ್ತಿ.
ಊರು ಎಂಬಲ್ಲಿ ಸ್ವಲ್ಪ ಹೊತ್ತು ತಡೆದು
ಭಿಕ್ರೂನ ಊರ ಹೆಸರು ಬರೆದೆ.
ಮೇಜು ಅಲ್ಲಾಡಿ
ಕೊನೆಯ ಅಕ್ಷರ ಸೊಟ್ಟಗಾಯಿತು.