ಪ್ಲುತ

ಬಾರ್ನ್ಸ್ಲಿಯ ಗಣಿ ಕಾರ್ಮಿಕರ ಹಳೇ ಕ್ಲಬ್ಬಿನಲ್ಲಿ
ಬಾಕ್ಸಿಂಗ್ ಇದ್ದ ರಾತ್ರಿ
ಹೆಸರು ಕೂಗುವವಳು ನಾನು.
ಮೊದಲೇ ಹೋಗಿ ಕೇಳಿಕೊಳ್ಳುತ್ತೇನೆ:
ನಿಮ್ಮಮ್ಮ ಹೇಗೆ ಕರೀತಾರೆ?
ಕೈಗೆ ಪಟ್ಟಿ ಸುತ್ತುತ್ತಲೇ ಹೇಳುತ್ತಾರೆ, ನಾಚಿ.
ಅಂಗೈ ಮೇಲೆ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ,
ಒತ್ತು, ದೀರ್ಘ, ಎಲ್ಲ.

ದೂರದವರನ್ನು ಕೂಗಲು ಪ್ಲುತ, ಮೂರು ಮಾತ್ರೆ,
ಅಂದಿದ್ದರು ಮರಿಗೌಡ ಮೇಷ್ಟ್ರು.
ನಾನು ಒಂಬತ್ತು ಎಳೆಯುತ್ತೇನೆ:
ಡೀ‌ಽಽಽನ್ ಓಲ್ಡ್‌ರಾಯ್ಡ್!
ಬಿಯರ್ ಗ್ಲಾಸುಗಳೂ ಎದ್ದು ನಿಲ್ಲುತ್ತವೆ.

ಕೊನೆಗೆ ಒಂದೇ ಕೈ ಮೇಲೇಳುತ್ತದೆ,
ಒಂದೇ ಹೆಸರು.
ಸೋತವನಿಗೆ ಅರ್ಧ ಮಾತ್ರೆಯೂ ಬರೆದಿಲ್ಲ
ನನ್ನ ಚೀಟಿಯಲ್ಲಿ.

ಪಾರ್ಕಿಂಗಿನಲ್ಲಿ, ಕಾರಿನ ಗಾಜಿನ ಹಿಮ ಕೆರೆಯುತ್ತಾ
ಅಂಗೈ ನೋಡಿದೆ. ಬೆವರಿಗೆ ಅರ್ಧ ಅಳಿಸಿತ್ತು.
ಯೋನಾಸ್ ತೆಸ್ಫಾಯ್,
ಅಂದೆ, ಮೈಕಿಲ್ಲದೆ, ಹ್ರಸ್ವವಾಗಿ.

ಬಸ್ ಸ್ಟಾಪಿನ ಕತ್ತಲು,
ತುಟಿಗೆ ಐಸ್ ಒತ್ತಿಕೊಂಡೇ,
ಹಾಂ? ಅಂತು.